ಬೆದರಿಕೆ ಬಾರದ ವರದಿಗಾರ

ಬೈಲಹೊಂಗಲದ ಗಂಗಯ್ಯ ಹಿರೇಮಠನ ಹೆಸರು ಪತ್ರಿಕೆಯಲ್ಲಿ ಬರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಪ್ಪತ್ತಾರು ವರ್ಷಗಳಿಂದ ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ಆದರೆ ಬರುತ್ತಿದ್ದದ್ದು ಅವನೇ ಬರೆದ ಸಭೆ ಸಮಾರಂಭದ ವರದಿಯ ಕಟ್ಟಕಡೆಯ ಸಾಲಿನಲ್ಲಿ, ‘ಪತ್ರಕರ್ತ ಗಂಗಯ್ಯ ಹಿರೇಮಠ ಉಪಸ್ಥಿತರಿದ್ದರು’ ಎಂದು. ತಲೆಬರಹದ ಕೆಳಗೆ, ದಪ್ಪ ಅಕ್ಷರದಲ್ಲಿ, ಬರೆದವನ ಹೆಸರಾಗಿ ಒಮ್ಮೆಯೂ ಬಂದಿರಲಿಲ್ಲ.

ಮಾಲಾಳ ಹೆಸರು ಹಾಗೆ ನಾಲ್ಕು ಸಲ ಬಂದಿತ್ತು. ಗಂಗಯ್ಯ ಎಣಿಸಿದ್ದ. ಅವಳು ಬಸ್ ಡಿಪೊದ ಮೆಕ್ಯಾನಿಕ್ ನೀಲಪ್ಪನ ಮಗಳು, ಬೇರೊಂದು ಪತ್ರಿಕೆಯ ವರದಿಗಾರ್ತಿ. ಈ ಕೆಲಸಕ್ಕೆ ಬಂದು ಬರೀ ಮೂರು ವರ್ಷ. ಹೊಸತರಲ್ಲಿ ಅವಳಿಗೆ ಕಚೇರಿಗಳ ಬಾಗಿಲು ತೋರಿಸಿಕೊಟ್ಟವನು ಇವನೇ. ಈಗ ಅವೇ ಕಚೇರಿಗಳಲ್ಲಿ ಅವಳನ್ನು ಕಂಡರೆ ಗುಮಾಸ್ತರು ಕಡತ ಮುಚ್ಚುತ್ತಿದ್ದರು. ಇವನನ್ನು ಕಂಡರೆ ‘ಬರ್ರಿ ಐನಾರ, ಚಹಾ ಕುಡೀರಿ’ ಅನ್ನುತ್ತಿದ್ದರು. ಹೊಟ್ಟೆಯುರಿಗೆ ಇಷ್ಟು ಸಾಕು.

ಸಾಲದೆಂಬಂತೆ ಕಳೆದ ವರ್ಷ ಅವಳಿಗೆ ಬೆದರಿಕೆಯೂ ಬಂತು. ಪಡಿತರ ಅಕ್ಕಿ ಎಲ್ಲಿಗೆ ಹೋಗುತ್ತದೆಂದು ಬರೆದದ್ದಕ್ಕೆ ಯಾರೋ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು, ಮನೆಯ ಮುಂದಿದ್ದ ಸ್ಕೂಟಿಯನ್ನು ಜಜ್ಜಿ ಹೋದರು. ತಾಲ್ಲೂಕಿನ ಐದೂ ವರದಿಗಾರರು ತಹಶೀಲ್ದಾರರಿಗೆ ಮನವಿ ಕೊಟ್ಟರು. ಅದನ್ನು ಗಟ್ಟಿಯಾಗಿ ಓದಿದವನು ಗಂಗಯ್ಯ. ಫೋಟೊದ ನಡುವೆ ನಿಂತವಳು ಮಾಲಾ. ಹುಡುಗಿ ಹೆದರಿ ಬಿಳಚಿಕೊಂಡದ್ದು ಅವನಿಗೆ ಕಾಣಲಿಲ್ಲವೆಂದಲ್ಲ. ಆದರೆ ಮನೆಗೆ ಬರುವಾಗ ತಲೆಯಲ್ಲಿ ಸುತ್ತುತ್ತಿದ್ದದ್ದು ಒಂದೇ ಮಾತು: ಇಪ್ಪತ್ತಾರು ವರ್ಷದಲ್ಲಿ ನನಗೆ ಒಬ್ಬನಾದರೂ ಕಾಲು ಮುರಿಯುತ್ತೇನೆ ಅಂದನೇ?

ಆಮೇಲೆ ಐವರೂ ಒಂದು ಕಟ್ಟುಪಾಡು ಮಾಡಿಕೊಂಡರು. ಅಪಾಯದ ಸುದ್ದಿಯನ್ನು ಬರೆದವರು ತಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕು. ಅದು ಐದೂ ಪತ್ರಿಕೆಗಳಲ್ಲಿ ಒಂದೇ ದಿನ, ಹೆಸರಿಲ್ಲದೆ ಬರಬೇಕು. ಯಾರೇ ಕೇಳಲಿ, ‘ಎಲ್ಲಾರೂ ಕೂಡಿ ಬರದೇವಿ’ ಅನ್ನಬೇಕು.

ಈ ಬೇಸಿಗೆಯಲ್ಲಿ ಮಾಲಾ ಹಾಗೆ ಹಾಕಿದ್ದು ಮಲಪ್ರಭಾ ಹೊಳೆಯ ಉಸುಕಿನ ಸುದ್ದಿ, ಮರಳು ಲೂಟಿಯದು. ಸಂಗೊಳ್ಳಿಯ ಆಚೆ, ಊರುಗಳಿಗೆ ಕುಡಿಯುವ ನೀರೆತ್ತುವ ಜಾಕ್‌ವೆಲ್ಲಿನ ಬುಡದವರೆಗೂ ಜೆಸಿಬಿ ಹಚ್ಚಿ ಉಸುಕು ಬಗೆದಿದ್ದರು. ಅವಳು ನಾಲ್ಕು ದಿನ ಹೊಳೆಯಲ್ಲಿ ತಿರುಗಿ, ಟೇಪು ಹಿಡಿದು ತೆಗ್ಗು ಅಳೆದು ಬರೆದಿದ್ದಳು. ಗಂಗಯ್ಯ ಮಂಚದ ಮೇಲೆ ಕೂತು ಅದನ್ನು ತನ್ನ ಪತ್ರಿಕೆಗೆ ದಾಟಿಸಿದ್ದ.

ಸುದ್ದಿ ಬಂದ ಮೂರನೆಯ ದಿನ ಬೆಳಿಗ್ಗೆ ಕಾಂತೇಶ ಮನೆಗೆ ಬಂದ. ಉಸುಕಿನ ಗುತ್ತಿಗೆದಾರನ ಬಲಗೈ. ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು ಕೂತ. ಗಂಗಯ್ಯನ ಹೆಂಡತಿ ಸೋಮವ್ವ ಚಹಾ ತಂದಿಟ್ಟಳು.

“ಆ ಸುದ್ದಿ ಯಾರ ಬರದ್ರಂತ ಹುಡಕಾಕ ಹತ್ತೇವ್ರಿ ಐನಾರ,” ಅಂದ. “ನೀವಂತೂ ಅಲ್ಲ ಬಿಡ್ರಿ. ನಮ್ಮ ಸಾವಕಾರ್ರು ಅಂದ್ರು, ಐನಾರು ಹಾರ ತುರಾಯಿ ಸುದ್ದಿ ಬರಿಯೋರು, ಅವರಿಂದ ಇಂಥಾದ್ದು ಆಗೂದಿಲ್ಲಂತ. ಆ ನೀಲಪ್ಪನ ಮಗಳಽ ಹೌದಲ್ರಿ? ನೀವು ಬಾಯಿ ಬಿಟ್ಟು ಹೇಳಬ್ಯಾಡ್ರಿ, ಬರೇ ಹೂಂ ಅನ್ರಿ.”

ಕಟ್ಟುಪಾಡಿನ ಮಾತು ಗಂಗಯ್ಯನಿಗೆ ಬಾಯಿಪಾಠವಾಗಿತ್ತು. ಆದರೆ ಮೈಯೆಲ್ಲ ಉರಿದುಹೋಯಿತು. ಕಳ್ಳನಿಗೂ ಅವಳೇ ಬೇಕು. ಕಳ್ಳನ ಲೆಕ್ಕದಲ್ಲೂ ತಾನಿಲ್ಲ.

“ನಾನಽ ಬರದೇನಿ,” ಅಂದ.

ಕಾಂತೇಶ ನಕ್ಕುಬಿಟ್ಟ. “ನೀವು ಹೊಳಿಗೆ ಇಳದಿದ್ರಿ?”

ಆ ನಗೆ ಬಡಿಗೆಯ ಏಟಿಗಿಂತ ಹೆಚ್ಚು ನೋಯಿಸಿತು. ಗಂಗಯ್ಯ ಜಾಕ್‌ವೆಲ್ಲಿನಿಂದ ತೆಗ್ಗಿಗೆ ಎಷ್ಟು ಅಡಿ, ತೆಗ್ಗಿನ ಆಳ ಎಷ್ಟು, ಟಿಪ್ಪರುಗಳು ಯಾವ ಹಾದಿಯಿಂದ ಹತ್ತುತ್ತವೆ, ಎಲ್ಲವನ್ನೂ ಗಡಗಡ ಹೇಳಿದ. ಎಲ್ಲ ಮಾಲಾ ಅಳೆದದ್ದು. ಕಾಂತೇಶನ ಮುಖದ ನಗೆ ಮೆಲ್ಲಗೆ ಇಳಿಯಿತು. ಅರ್ಧ ಕುಡಿದ ಚಹಾ ಇಟ್ಟು ಎದ್ದ.

“ಈ ವಯಸ್ಸಿನಾಗ ನಿಮಗ ಇದು ಬ್ಯಾಡಾಗಿತ್ರಿ. ಸಂಪಗಾಂವ ರಸ್ತೆದಾಗ ಒಬ್ಬರಽ ಗಾಡಿ ಮ್ಯಾಲ ಓಡಾಡತೀರಿ.”

ಅವನು ಹೋದಮೇಲೆ ಸೋಮವ್ವ ಕೇಳಿದಳು, “ಆ ಹುಡುಗಿ ಬರದದ್ದನ್ನ ನೀವ್ಯಾಕ ಮೈಮ್ಯಾಲ ಹಾಕ್ಕೊಂಡ್ರಿ?” ಗಂಗಯ್ಯ ಫೋನು ಕೈಗೆತ್ತಿಕೊಂಡ. ಮೊದಲು ಮಾಡಿದ ಕೆಲಸವೆಂದರೆ ಗುಂಪಿನಲ್ಲಿ ‘ಕಾಂತೇಶಗ ನಾನಽ ಬರದೇನಿ ಅಂದೆ. ನನಗೂ ಬೆದರಿಕೆ ಬಂದೈತಿ’ ಎಂದು ಹಾಕಿದ್ದು. ಆ ‘ನನಗೂ’ ಎಂಬುದನ್ನು ಬರೆಯುವಾಗ ಹೆದರಿಕೆಯ ನಡುವೆಯೂ ಒಂದು ಸುಖವಿತ್ತು, ಮುಚ್ಚಿಡುವುದೇನು.

ಸಂಜೆ ಮಾಲಾ ಬಂದಳು. ಕಣ್ಣು ಕೆಂಪಾಗಿದ್ದವು.

“ನನ್ನ ಉಳಸಾಕ ನಿಮ್ಮ ಮ್ಯಾಲ ಹಾಕ್ಕೊಂಡ್ರಿ ಕಾಕಾ. ನಮ್ಮ ಅಪ್ಪಾರು ಕಣ್ಣೀರ ಹಾಕಿದ್ರು.”

ಆ ಹೊಗಳಿಕೆಯನ್ನು ಅವನು ಸುಮ್ಮನೆ ಜೇಬಿಗೆ ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳಲಾಗಲಿಲ್ಲ.

“ನಿನ್ನ ಉಳಸಾಕ ಅಲ್ಲ. ನನ್ನ ಮ್ಯಾಲ ಯಾರಿಗೂ ಸಂಶೇನೂ ಬರಲಿಲ್ಲಲ್ಲ, ಅದು ತಡೀಲಿಲ್ಲ. ನಿನ್ನ ಕಂಡ್ರ ನನಗ ಹೊಟ್ಟಿಕಿಚ್ಚು. ಬಂದಾಗಿಂದ ಐತಿ.”

“ಗೊತ್ತೈತ್ರಿ,” ಅಂದಳು ಮಾಲಾ. “ನೀವು ಯಾಕ ಹೇಳಿದ್ರೂ, ನಾ ಬರದದ್ದಕ್ಕ ನಿಮಗ ಏಟು ಬೀಳಬಾರದು. ಉಸುಕಿನ ಮ್ಯಾಲ ಎರಡನೇ ಸುದ್ದಿ ಬರೀತೇನಿ, ಅದಕ್ಕ ನನ್ನ ಹೆಸರ ಹಾಕ್ರಿ ಅಂತ ಪೇಪರಿನವರಿಗೆ ಹೇಳತೇನಿ. ನಿಮ್ಮನ್ನ ಬಿಟ್ಟಬಿಡತಾರ.”

ಗಂಗಯ್ಯನ ಎದೆಯಲ್ಲಿ ಮತ್ತೆ ಅದೇ ಕಿಚ್ಚು ಎದ್ದಿತು. ಇಪ್ಪತ್ತಾರು ವರ್ಷಕ್ಕೆ ಒಂದು ಬೆದರಿಕೆ ಸಿಕ್ಕಿದೆ, ಅದನ್ನೂ ಕಿತ್ತುಕೊಳ್ಳಲು ಬಂದಿದ್ದಾಳೆ.

“ಇಬ್ಬರದೂ ಹಾಕೋದು,” ಅಂದ. “ನಿನ್ನ ಪೇಪರಿನಾಗೂ, ನನ್ನ ಪೇಪರಿನಾಗೂ. ನಂದು ಮೊದಲ. ಆದರ ನಾ ಹೊಳಿ ನೋಡಿಲ್ಲ. ನಾಳಿ ಮುಂಜಾನೆ ಕರಕೊಂಡು ಹೋಗು.”

ಮರುದಿನ ಅವನು ಧೋತರ ಎತ್ತಿ ಕಟ್ಟಿ ತೆಗ್ಗಿಗೆ ಇಳಿದ. ಟೇಪಿನ ಒಂದು ತುದಿ ಮಾಲಾಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಹೋದ ಸಲ ಅವಳು ಅಳೆದದ್ದಕ್ಕಿಂತ ತೆಗ್ಗು ಮೂರು ಅಡಿ ಆಳವಾಗಿತ್ತು.

ಎರಡನೇ ಸುದ್ದಿ ಇಬ್ಬರ ಹೆಸರಿನಲ್ಲಿ ಬಂದ ದಿನ ಹನ್ನೊಂದು ಗಂಟೆಗೆ ಗಂಗಯ್ಯನ ಫೋನು ರಿಂಗಣಿಸಿತು. ಗುರುತಿಲ್ಲದ ನಂಬರು, ಗುರುತಿಲ್ಲದ ದನಿ. ಕೈ, ಕಾಲು, ಮನೆ, ಹೆಂಡತಿ, ಒಂದನ್ನೂ ಬಿಡದೆ ಆ ಕಡೆಯವನು ಬೈದ. ಗಂಗಯ್ಯ ಬೆವರುತ್ತ ಪೂರ್ತಿ ಕೇಳಿಸಿಕೊಂಡ.

“ಆಕಿಗೂ ಫೋನ್ ಮಾಡೀರೇನ್ರಿ?” ಅಂದ.

“ಮುಂದ ಆಕಿಗಽ ಮಾಡೋದು.”

“ಆಕಿಗೆ ಮಾಡಬ್ಯಾಡ್ರಿ,” ಅಂದ ಗಂಗಯ್ಯ. “ಮೊದಲನೇ ಹೆಸರು ನಂದೈತಿ. ಏನಿದ್ರೂ ನನಗ ಹೇಳ್ರಿ.”