ನನ್ನ ಕಣಿಲೆ, ಅವಳ ಹೆಸರು

ದರ್ಬೆಯ ಟೈಲರಿಂಗ್ ಅಂಗಡಿಯಲ್ಲಿ ನನ್ನ ಪಕ್ಕದ ಮಿಶಿನಿನಲ್ಲಿ ಕೂರುವವಳು ಇಚಿಲಂಪಾಡಿಯ ಬ್ಯಾರಿ ಹೆಣ್ಣುಮಗಳು. ಗಂಡ ದುಬೈಯಲ್ಲಿ. ನನಗಿಂತ ಚಿಕ್ಕವಳು, 'ಅಕ್ಕ' ಎಂದೇ ಕರೆಯುತ್ತಾಳೆ. ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಮೊಬೈಲಿನಲ್ಲಿ ಒಂದು ಸುದ್ದಿತಾಣದ ಅಡುಗೆ ಅಂಕಣ ಓದುತ್ತಿದ್ದೆವು. ಅವಳು ಕೆಳಗೆ 'ಸೂಪರ್, ನಾಳೆಯೇ ಮಾಡ್ತೇನೆ' ಎಂದು ಬರೆದರೆ ತಕ್ಷಣ ಕಾಣಿಸುತ್ತಿತ್ತು. ನಾನು ತವರಿನ ಅಡುಗೆಯ ಬಗ್ಗೆ ಎಷ್ಟು ಯೋಚಿಸಿ ಬರೆದರೂ ಸಿಗುತ್ತಿದ್ದುದು 'ನಿಮ್ಮ ಪ್ರತಿಕ್ರಿಯೆ ನಿಯಮಗಳಿಗೆ ವಿರುದ್ಧವಾಗಿದೆ' ಎಂಬ ಕೆಂಪು ಸಾಲು. ಮರುಪರಿಶೀಲನೆಗೆ ಒತ್ತಿದರೆ 'ಸಹಕಾರಕ್ಕೆ ಧನ್ಯವಾದ' ಎಂದು ಬರುತ್ತಿತ್ತು, ಅಷ್ಟೇ. ಯಾಕೆ ಎಂದು ಕೇಳಲು ಆ ಕಡೆ ಮನುಷ್ಯರೇ ಇರಲಿಲ್ಲ.

ಅವಳ ಫೋನ್ ಸದ್ದು ಮಾಡಿದಾಗಲೆಲ್ಲ ನನ್ನ ಹೊಲಿಗೆ ಸೊಟ್ಟಗಾಗುತ್ತಿತ್ತು. ಒಂದು 'ಸೂಪರ್'ಗೆ ಅಷ್ಟು ಲೈಕ್! ಅವಳ ನೆಟ್‌ವರ್ಕ್ ಹೋಗಲಿ ಎಂದು ಹಾರೈಸಿದ್ದೂ ಉಂಟು.

ಮಳೆಗಾಲದಲ್ಲಿ ಕಣಿಲೆ ಗಸಿಯ, ಅಂದರೆ ಎಳೆ ಬಿದಿರಿನ ಗಟ್ಟಿ ಸಾರಿನ, ಬಗ್ಗೆ ಬರಹ ಬಂತು. ನಾನು ಬರೆದೆ: 'ನಮ್ಮ ಕೊಲ್ಲಮೊಗ್ರಿನಲ್ಲಿ ಎಳೆ ಬಿದಿರನ್ನು ಹೆಚ್ಚಿ ನೆನೆಹಾಕಿ ದಿನಾ ನೀರು ಬದಲಿಸುತ್ತಾರೆ. ಕಹಿ ಹೋಯಿತೋ ಎಂದು ಅಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡರೆ ನಾವು ಮಕ್ಕಳೆಲ್ಲ ಅವಳ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದೆವು.' ಮತ್ತೆ ಅದೇ ಕೆಂಪು ಸಾಲು.

"ಎಂತ ಅಕ್ಕ, ಇವತ್ತೂ ಹಾಕಲಿಲ್ವಾ? ಕೊಡಿ, ನನ್ನದರಲ್ಲಿ ನೋಡುವ" ಎಂದು ಅವಳು ನನ್ನ ಮಾತನ್ನು ತನ್ನ ಫೋನಿಗೆ ಹಾಕಿಕೊಂಡಳು. ಅವಳಿಗೂ ಕೆಂಪು ಸಾಲು. ನನಗೆ ಎಷ್ಟು ಸಂತೋಷವಾಯಿತೆಂದರೆ ಚಹಾ ತರಿಸಿದೆ. ಅವಳು ಬಿಡಲಿಲ್ಲ. ಒಂದೊಂದೇ ಶಬ್ದ ತೆಗೆದು ಕಳಿಸುತ್ತ ಹೋದಳು. ಊರಿನ ಹೆಸರು ತೆಗೆದದ್ದೇ, ಉಳಿದದ್ದೆಲ್ಲ ಪ್ರಕಟವಾಯಿತು.

"ಅಲ್ಲ ಅಕ್ಕ, ನಿಮ್ಮ ಊರಿನ ಹೆಸರಲ್ಲಿ 'ಕೊಲ್ಲ' ಉಂಟಲ್ಲಾ! ಯಾರನ್ನೋ ಕೊಲ್ಲುದು ಅಂತ ಆ ಕಂಪ್ಯೂಟರಿಗೆ ಕಂಡಿರಬೇಕು" ಎಂದು ಹೊಟ್ಟೆ ಹಿಡಿದು ನಕ್ಕಳು.

ನಾನು ಅಲ್ಲಿಯವರೆಗೆ ಬರೆದದ್ದರಲ್ಲೆಲ್ಲ ಆ ಹೆಸರಿತ್ತು. ನಾನೂ ನಕ್ಕೆ, ಆದರೆ ಸ್ವಲ್ಪ ಹೊತ್ತು ಮಾತ್ರ. ಸಂಜೆ ಅಂಗಡಿ ಮುಚ್ಚುವುದರೊಳಗೆ ಆ ಮಾತಿನ ಕೆಳಗೆ ಜನ ಸೇರಿದ್ದರು. 'ಅಮ್ಮನ ನೆನಪಾಯಿತು', 'ನೀವು ಕತೆ ಬರೆಯಬೇಕು'. ಹೊಗಳಿಕೆಯೆಲ್ಲ ಅವಳ ಹೆಸರಿಗೆ. ನನ್ನ ಅಮ್ಮ, ನನ್ನ ಕಣಿಲೆ! ಊರಿನ ಹೆಸರು ಬಿಟ್ಟು ನಾನೇ ಕಳಿಸಿದೆ. 'ಇದೇ ಪ್ರತಿಕ್ರಿಯೆ ಈಗಾಗಲೇ ಬಂದಿದೆ' ಎಂದಿತು.

"ನಾನು ತೆಗೀತೇನೆ ಅಕ್ಕ" ಎಂದಳು.

"ಎಂತಕ್ಕೆ ತೆಗೆಯುದು? ಇರಲಿ ಬಿಡು" ಎಂದೆ. ಹಾಗೆ ಹೇಳಿ, ಲೈಕ್ ಎಷ್ಟಾಯಿತೆಂದು ಮತ್ತೆ ನೋಡಿದೆ.

ಮರುದಿನ ಬೆಳಿಗ್ಗೆ ಅವಳು ಅದರ ಕೆಳಗೆ ಬರೆದಿದ್ದಳು: 'ಇದು ನನ್ನ ಮಾತಲ್ಲ. ನನ್ನ ಪಕ್ಕದಲ್ಲಿ ಹೊಲಿಯುವ ಅಕ್ಕನದು. ಹೊಗಳಿಕೆ ಅವರಿಗೆ ಸೇರಬೇಕು.' ಮನಸ್ಸು ಹಗುರಾಯಿತು. ಯಾರು ಏನು ಹೇಳಿದ್ದಾರೆ ಎಂದು ಆಸೆಯಿಂದ ಕೆಳಗೆ ಸರಿಸಿದೆ. 'ಎಂಥ ದೊಡ್ಡ ಮನಸ್ಸು ನಿಮ್ಮದು!' 'ಈ ಕಾಲದಲ್ಲಿ ಇಂಥವರು ಎಲ್ಲಿದ್ದಾರೆ?' ಎಲ್ಲವೂ ಅವಳಿಗೇ. ಅಕ್ಕ ಯಾರೆಂದು ಒಬ್ಬರೂ ಕೇಳಿರಲಿಲ್ಲ.

"ನೋಡಿದ್ರಾ ಅಕ್ಕ? ಈಗ ಸಮ ಆಯ್ತಲ್ಲ?" ಎಂದಳು. ಮುಖದಲ್ಲಿ ಕಪಟವೇ ಇರಲಿಲ್ಲ. ಅದೂ ನನಗೆ ಸಹಿಸಲಾಗಲಿಲ್ಲ.

"ಆಯ್ತು ಮಾರಾಯ್ತಿ" ಎಂದು ಹೇಳಿ, ಸೊಟ್ಟಗೆ ಹೊಲಿದಿದ್ದ ಯಾರದೋ ರವಿಕೆಯ ತೋಳು ಬಿಚ್ಚಲು ಕೂತೆ.