ಉಸಿರಿಗೆಷ್ಟು ತೂಕ?

“ಅಕ್ಸರಕ್ಕೂ ತೂಕ ಐತಾ ತಾಯಿ?”

ಹ್ಯಾಂಡ್‌ಪೋಸ್ಟ್ ಎಂಬ ಊರಿನ ಕಣ್ಣು ತಪಾಸಣೆ ಶಿಬಿರದಲ್ಲಿ ಆ ಅಜ್ಜಿ ಹೀಗೆ ಕೇಳಿದಾಗ ನನ್ನ ಬೆರಳು ಕಂಪ್ಯೂಟರಿನ ಕೀಲಿಮಣೆಯ ಮೇಲೇ ನಿಂತಿತು. ಬಂದವರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ತಂತ್ರಾಂಶವನ್ನು ಪರೀಕ್ಷಿಸುತ್ತಿದ್ದೆ. ಡೇಟಾಬೇಸ್ ಪ್ರತಿ ಅಕ್ಷರಕ್ಕೂ ಒಂದು ತೂಕ ಕೊಡುತ್ತದೆ, ತೂಕ ಹೆಚ್ಚಿದಷ್ಟೂ ಹೆಸರು ಪಟ್ಟಿಯಲ್ಲಿ ಕೆಳಗಿಳಿಯುತ್ತದೆ ಎಂದು ಆಗಷ್ಟೇ ಅವರಿಗೆ ಹೇಳಿದ್ದೆ.

ಅಜ್ಜಿಯ ಹೆಸರು ಗುರುತಿನ ಚೀಟಿಯಲ್ಲೂ ಆಡುಮಾತಿನ ಹಾಗೇ ಒನ್ನಮ್ಮ. ಅವರ ಕೈ ಹಿಡಿದು ನಿಂತಿದ್ದ ಗೆಳತಿಯದೂ ಅದೇ ಹೆಸರು, ಆದರೆ ಅವರ ಚೀಟಿಯಲ್ಲಿ ಹೊನ್ನಮ್ಮ. ಹಾಗಾಗಿ ಒಬ್ಬರು ಪಟ್ಟಿಯ ತಲೆಯಲ್ಲಿ, ಇನ್ನೊಬ್ಬರು ಬುಡದಲ್ಲಿ; ಒಳಗೆ ಕರೆಯುತ್ತಿದ್ದುದು ಪಟ್ಟಿಯ ಕ್ರಮದಲ್ಲೇ. ಎರಡೂ ಕಣ್ಣಿಗೆ ಪೊರೆ ಬಂದ ಗೆಳತಿಯನ್ನು ಬಿಟ್ಟು ಒಳಗೆ ಹೋಗಲು ಅಜ್ಜಿ ಒಪ್ಪಲಿಲ್ಲ.

“ನಿಮ್ಮಿಬ್ಬರ ನಡುವೆ ಇರೋದು ಒಂದು ‘ಹ’ ಅಷ್ಟೇ ಅಜ್ಜಿ” ಅಂದೆ.

ಅವರು ತಮ್ಮ ಅಂಗೈ ಮೇಲೆ ಮೆಲ್ಲಗೆ ಊದಿಕೊಂಡರು. “ಅದು ಬರೀ ಉಸ್ರು ಕಣವ್ವ. ಉಸ್ರಿಗ್ಯಾವ ತೂಕ?”

‘ಹೊ’ಗೂ ‘ಒ’ಗೂ ಒಂದೇ ತೂಕ ಕೊಟ್ಟು ಮತ್ತೆ ಜೋಡಿಸಿದೆ. ಹೊಳೆಯಲ್ಲಿ ತೇಲಿಬಂದ ಎರಡು ಹೊಂಗೆ ಹೂವಿನ ಹಾಗೆ ಆ ಹೆಸರುಗಳು ಪರದೆಯ ಮೇಲೆ ಒಂದಕ್ಕೊಂದು ತಾಗಿ ನಿಂತವು. ಗೆಳತಿಯರು ಕೈ ಬಿಡದೆ ಒಳಗೆ ಹೋದರು.

ನನ್ನ ಹೆಸರು ಹೇಮಾ. ಅವ್ವನ ಬಾಯಲ್ಲಿ ಮಾತ್ರ ‘ಏಮ’. ಕಾಲೇಜು ಸೇರಿದಾಗಿನಿಂದ ನಾಚಿಕೆಪಟ್ಟು ಅವರನ್ನು ತಿದ್ದುತ್ತಲೇ ಬಂದಿದ್ದೆ. ಅಂದು ಸಂಜೆ ಅವ್ವ ಫೋನಿನಲ್ಲಿ “ಏಮಾ, ಮನೆಗ್ ಬಂದ್ಯಾ?” ಎಂದು ಕೇಳಿದರು. ತಿದ್ದಲಿಲ್ಲ. “ಊಂ ಕಣವ್ವ” ಅಂದೆ, ‘ಹ’ ಇಲ್ಲದೆಯೇ.