ಎದುರು ಮನೆಯವರ ಅಕ್ಕಿ ಡಬ್ಬಿ

ಇವತ್ತು ಬೆಳಿಗ್ಗೆ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಾಗ ಒಣಗಿದ ಬೇವಿನೆಲೆಯ ವಾಸನೆ ಮೂಗಿಗೆ ಬಡಿಯಿತು. ಹುಳು ಬೀಳದಂತೆ ಬೇವಿನೆಲೆ ಹಾಕಲು ಕಲಿಸಿದವರು ಎದುರು ಮನೆಯ ಟೀಚರ್. ಡಬ್ಬಿಯೂ ಅವರದೇ...

ಲಾಕ್‌ಡೌನಿನ ದಿನಗಳಲ್ಲಿ ಮರಾಠಿ ಸೀಮೆಯ ವಾಕಡದ ಈ ಫ್ಲ್ಯಾಟಿನಲ್ಲಿ ನಾನೊಬ್ಬಳೇ ಇದ್ದೆ. ರೈಲ್ವೆಯಲ್ಲಿದ್ದ ನನ್ನ ಗಂಡ ಕೆಲಸದ ಊರು ದೌಂಡದಲ್ಲೇ ಉಳಿದು, ಜ್ವರ ಬಂದು ಆಸ್ಪತ್ರೆ ಸೇರಿದ್ದರು. ಫೋನ್ ಎತ್ತುತ್ತಿರಲಿಲ್ಲ. ಧಾರವಾಡ ಬಿಟ್ಟ ಮೇಲೆ ನಾನು ಕ್ರಿಸ್‌ಮಸ್ಸಿಗೆ ಮಾತ್ರ ಚರ್ಚಿಗೆ ಹೋಗುವ ಕ್ರೈಸ್ತಳು. ಆಗ ಪ್ರಾರ್ಥನೆಗೆ ಕೂತರೆ ಬರೀ ಭಯ.

ಟೀಚರ್ ಗದಗಿನ ಕಡೆಯವರು, ಒಂಟಿ ಜೀವ. ಸಂಡೇಸ್ಕೂಲಿನಲ್ಲಿ ಪಾಠ ಹೇಳಿ ಹೇಳಿ ದೊಡ್ಡವರನ್ನೂ ಮಕ್ಕಳಂತೆ ಗದರುವ ಅಭ್ಯಾಸ. ಚರ್ಚ್ ಮುಚ್ಚಿದರೂ ಅವರ ಪಾಠ ನಿಲ್ಲಲಿಲ್ಲ. ಭಾನುವಾರ ಅವರ ಬಾಗಿಲಲ್ಲಿ ಅವರು, ನನ್ನ ಬಾಗಿಲಲ್ಲಿ ನಾನು ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ಇಡೀ ತರಗತಿಗೆ ನಾನೊಬ್ಬಳೇ ವಿದ್ಯಾರ್ಥಿನಿ, ಅದೂ ದಡ್ಡಿ.

"ಪ್ರಾರ್ಥನಿಗೆ ಮಾತ ಬರವಲ್ದ್ರಿ, ಟೀಚರ್," ಎಂದೆ ಒಮ್ಮೆ.

"ಮಾತ ಬ್ಯಾಡ ಬಿಡವಾ. ನಿಮ್ಮವ್ವ ಹಿಡಿ ಅಕ್ಕಿ ತೆಗೀತಿದ್ದಳಿಲ್ಲೋ? ಹಂಗ ತೆಗಿ. ಒಬ್ಬರ ಹೆಸರ ಹೇಳಿ ಹಾಕು."

ಅವ್ವ ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿ ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಭಾನುವಾರ ಅದು ಚರ್ಚಿಗೆ, ಅಲ್ಲಿಂದ ಇಲ್ಲದವರ ಮನೆಗೆ. ಟೀಚರ್ ತಮ್ಮ ಡಬ್ಬಿಯನ್ನೇ ಕೊಟ್ಟರು. ನನ್ನ ಮನೆಯ ಅಕ್ಕಿಯೇ ತಳ ಕಂಡಿತ್ತು. ಒಳಗೊಳಗೇ ಗೊಣಗುತ್ತ ಹಾಕಿದೆ. ದಿನವೂ ಗಂಡನ ಹೆಸರು. ಒಂದು ದಿನ, ತೀರಿಹೋದ ಅವ್ವನ ಹೆಸರು.

ಭಾನುವಾರ ಯಾರ ಹೆಸರೆಂದು ಕೇಳಿ ತಿಳಿದು ಟೀಚರ್ ಹುಬ್ಬು ಗಂಟಿಕ್ಕಿದರು. "ಸತ್ತವರಿಗೆ ನಾವು ಪ್ರಾರ್ಥನಿ ಮಾಡೂದಿಲ್ಲ. ನಿಮ್ಮವ್ವ ದೇವರ ಹತ್ತರ ಅದಾಳ, ಆಕಿಗೇನ ಹಸಿವು? ನಿನ್ನ ಗಂಡಗ ದವಾಖಾನ್ಯಾಗ ಊಟ ಕೊಡ್ತಾರ. ಹಸದವರ ಹೆಸರ ತಗೋ."

ಹಸಿದವರ ಒಂದು ಹೆಸರೂ ನನಗೆ ಗೊತ್ತಿರಲಿಲ್ಲ. ತುಂಬ ನಾಚಿಕೆಯಾಯಿತು. ವಾಚ್‌ಮನ್‌ನನ್ನು ಕೇಳಿದೆ. ಹಿಂದಿನ ಅರ್ಧ ಕಟ್ಟಿದ ಬಿಲ್ಡಿಂಗಿನಲ್ಲಿ ಯಾದಗಿರಿ ಕಡೆಯ ಕೂಲಿಯವರು ಸಿಕ್ಕಿಬಿದ್ದಿದ್ದರು, ಅವರಲ್ಲಿ ಮಲ್ಲಮ್ಮ ಎಂಬ ಬಾಣಂತಿ. ಮರುದಿನ ಮಲ್ಲಮ್ಮನ ಹೆಸರು ಹೇಳಿ ಹಿಡಿ ಬಿಚ್ಚಿದೆ. ಅಳು ಬಂತು, ಅಳುವಿನ ಹಿಂದೆಯೇ ಮಾತೂ ಬಂತು. ಗಂಡನಿಗಾಗಿಯೂ ಬೇಡಿಕೊಂಡೆ. ವಾರದ ಕೊನೆಗೆ ವಾಚ್‌ಮನ್ ಅಕ್ಕಿ ಒಯ್ದು ಅವರಿಗೆ ಕೊಟ್ಟ.

ಗಂಡ ಗುಣವಾಗಿ ಮನೆಗೆ ಬಂದಾಗ, "ಅಕ್ಕಿ ಕೊಟ್ಟಿದ್ದಕ್ಕ ದೇವರು ಫಲ ಕೊಟ್ಟಾನ್ರಿ," ಎಂದು ಓಡಿಹೋಗಿ ಟೀಚರಿಗೆ ಹೇಳಿದೆ.

"ಅದೇನ ವ್ಯಾಪಾರೇನವಾ?" ಎಂದು ಗದರಿದರು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಮರುವರ್ಷ ಅದೇ ಜ್ವರ ಟೀಚರನ್ನು ಕರೆದೊಯ್ದಿತು. ಮಣ್ಣಿಗೆ ಹೋಗಲೂ ನಮ್ಮನ್ನು ಬಿಡಲಿಲ್ಲ. ಡಬ್ಬಿ ನನ್ನಲ್ಲೇ ಉಳಿಯಿತು...

ಇವತ್ತು ಹಿಡಿ ಅಕ್ಕಿ ತೆಗೆದಾಗ ಬಾಯಿಗೆ ಬಂದದ್ದು ಅವರದೇ ಹೆಸರು. ಅವರು ಕಲಿಸಿದ ಪಾಠದ ಪ್ರಕಾರ ಇದು ತಪ್ಪೆಂದು ಗೊತ್ತು. ಆದರೂ ಹೆಸರು ಹೇಳಿಯೇ ಹಾಕಿದೆ. ಆಮೇಲೆ ಇನ್ನೊಂದು ಹಿಡಿ ತೆಗೆದು, ವಾಚ್‌ಮನ್ ನಿನ್ನೆ ಹೇಳಿದ ಹೊಸ ಹೆಸರು ಹೇಳಿದೆ.